ಎರೆಗೊಬ್ಬರದ ಹುಳು ಬೇರೆ, ಸಹ್ಯಾದ್ರಿಯ ಹುಳು ಬೇರೆ

ಪುಣೆ: ಜೂನ್ ತಿಂಗಳು ಬಂತೆಂದರೆ ನಗರದ ಕನ್ನಡಿಗರ ಸಂಘ ಸಂಸ್ಥೆಗಳಿಗೆ ಎರಡು ಕಾರ್ಯಕ್ರಮಗಳು ಕಾಯಂ. ಒಂದು, ವಿದ್ಯಾರ್ಥಿಗಳಿಗೆ ನೋಟ್‌ಬುಕ್ ವಿತರಣೆ. ಇನ್ನೊಂದು, ವಿಶ್ವ ಪರಿಸರ ದಿನದ ಅಂಗವಾಗಿ ಸಸಿ ವಿತರಣೆ. ಕೆಲವೆಡೆ ಸಸಿಯ ಜತೆಗೆ ಒಂದು ಕಿಲೋ ಎರೆಗೊಬ್ಬರದ ಪೊಟ್ಟಣವೂ ಸೇರಿಕೊಂಡಿದೆ. ವೇದಿಕೆಯಲ್ಲಿ ಅತಿಥಿಗಳು ಎರೆಹುಳು ರೈತನ ಮಿತ್ರ ಎಂದು ಹೇಳುತ್ತಾರೆ, ಸಭಿಕರು ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ ಆ ವಿಷಯ ಮುಗಿಯುತ್ತದೆ. ಯಾವ ಎರೆಹುಳು, ಅದು ಎಲ್ಲಿಯದು ಎಂದು ಸಭೆಯಲ್ಲಿ ಎದ್ದುನಿಂತು ಕೇಳುವವರಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ. ಪೊಟ್ಟಣದಲ್ಲಿರುವ ಗೊಬ್ಬರವನ್ನು ತಯಾರಿಸಿದ್ದು ಹೆಚ್ಚಾಗಿ ಎರಡು ಜಾತಿಯ ಹುಳುಗಳು. ಒಂದು ಐಸೀನಿಯಾ ಫೆಟಿಡಾ ಎಂಬ ಕೆಂಪು ಹುಳು, ಇದರ ಮೂಲ ಯುರೋಪ್. ಇನ್ನೊಂದು ಯುಡ್ರಿಲಸ್ ಯುಜೀನಿಯೆ, ಇದರ ಮೂಲ ಪಶ್ಚಿಮ ಆಫ್ರಿಕ. ಸಗಣಿ, ತರಕಾರಿ ಸಿಪ್ಪೆ, ಕೊಳೆತ ಎಲೆಗಳ ರಾಶಿಯಲ್ಲಿ ಬೇಗ ಬೆಳೆದು ಬೇಗ ಸಂತಾನ ಹೆಚ್ಚಿಸಿಕೊಳ್ಳುವ ಹುಳುಗಳಿವು. ಹೊಟೇಲಿನ ಭಾಷೆಯಲ್ಲಿ ಹೇಳುವುದಾದರೆ ಅಡುಗೆಮನೆಯ ಹಿಂಬಾಗಿಲಲ್ಲಿ ಕೆಲಸ ಮಾಡುವವು. ಮಣ್ಣಿನ ಆಳಕ್ಕಿಳಿದು ಬಿಲ ಕೊರೆಯುವುದು, ಮಳೆಯ ನೀರಿಗೆ ದಾರಿ ಮಾಡುವುದು, ಕೆಳಗಿನ ಮಣ್ಣನ್ನು ಮೇಲಕ್ಕೆ ತಂದು ಹಿಕ್ಕೆಯ ರೂಪದಲ್ಲಿ ಹರಡುವುದು ಇವುಗಳ ಕೆಲಸವಲ್ಲ. ಅದನ್ನು ಮಾಡುವವು ಆಯಾ ನೆಲದ ಹುಳುಗಳು. ಅವುಗಳಲ್ಲಿ ಹೆಚ್ಚಿನವು ಗುಂಡಿಯಲ್ಲಿ ಸಾಕಿದರೆ ಬದುಕುವುದಿಲ್ಲ, ಪೊಟ್ಟಣದಲ್ಲಿ ಮಾರಾಟಕ್ಕೂ ಬರುವುದಿಲ್ಲ. ಆದ್ದರಿಂದ ಅವುಗಳ ಹೆಸರು ಯಾರಿಗೂ ಗೊತ್ತಿಲ್ಲ.

ಎರೆಗೊಬ್ಬರವನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆ ಅವರು ಈ ಕುರಿತು ದಶಕಗಳ ಕಾಲ ನಡೆಸಿದ ಸಂಶೋಧನೆಯಿಂದ ಕರ್ನಾಟಕದ ರೈತರಿಗೆ ದೊಡ್ಡ ಉಪಕಾರವಾಗಿದೆ. ಪುಣೆಯಲ್ಲೂ ಭಾವಳಕರ್ ಎರೆಹುಳು ಸಂಶೋಧನಾ ಸಂಸ್ಥೆ ಈ ವಿಷಯವನ್ನು ಜನರ ಬಳಿಗೆ ಒಯ್ದಿತು. ಮನೆಯ ಹಸಿ ಕಸವನ್ನು ಎರೆಗೊಬ್ಬರ ಮಾಡುವ ಹೌಸಿಂಗ್ ಸೊಸೈಟಿಗಳಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಎಂದು ಪುಣೆ ಮಹಾನಗರಪಾಲಿಕೆ ಘೋಷಿಸಿ ವರ್ಷಗಳೇ ಕಳೆದಿವೆ. ಇವೆಲ್ಲ ಕಸದ ಸಮಸ್ಯೆಗೆ ಪರಿಹಾರ, ಒಳ್ಳೆಯ ಪರಿಹಾರವೂ ಹೌದು. ಆದರೆ ಗುಂಡಿಯಲ್ಲಿ ಆಫ್ರಿಕದ ಹುಳುವನ್ನು ಸಾಕಿ ಎರೆಹುಳು ಸಂರಕ್ಷಣೆ ಮಾಡಿದೆವೆಂದು ಫಲಕ ಹಾಕಿಕೊಳ್ಳುವುದು, ಕೋಳಿ ಫಾರ್ಮ್ ತೆರೆದು ಪಕ್ಷಿ ಸಂರಕ್ಷಣೆ ಮಾಡಿದೆವೆಂದು ಹೇಳಿಕೊಂಡ ಹಾಗೆ.

ಭಾರತದಲ್ಲಿ 400ಕ್ಕೂ ಹೆಚ್ಚು ಜಾತಿಯ ಎರೆಹುಳುಗಳಿವೆ. ಅವುಗಳಲ್ಲಿ ಬಹುಪಾಲು ಬೇರಾವ ದೇಶದಲ್ಲೂ ಇಲ್ಲದವು. ದೊಡ್ಡದೊಂದು ಪಾಲು ಪಶ್ಚಿಮ ಘಟ್ಟದ್ದು. ಎರೆಹುಳು ಹಕ್ಕಿಯಂತೆ ಹಾರದು, ಒಣ ಬಯಲನ್ನು ದಾಟಲಾರದು, ಬಂಡೆಯನ್ನು ಹತ್ತಲಾರದು. ಆದ್ದರಿಂದ ಒಂದು ಕಣಿವೆಯಲ್ಲಿರುವ ಜಾತಿ ಪಕ್ಕದ ಕಣಿವೆಯಲ್ಲಿ ಇರಲೇಬೇಕೆಂದಿಲ್ಲ. ಹುಲಿಗೆ ಒಂದು ಕಾಡು ಹೋದರೆ ಇನ್ನೊಂದು ಕಾಡು ಇರಬಹುದು. ಒಂದೇ ಕಣಿವೆಯ ಹುಳುವಿಗೆ ಆ ಕಣಿವೆಯೇ ಪ್ರಪಂಚ.

ಈ ಹುಳುಗಳಿಗೆ ಹೆಸರಿಡುವ ಕೆಲಸ ಆರಂಭವಾದದ್ದು ಬ್ರಿಟಿಷರ ಕಾಲದಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಆಲ್‌ಫ್ರೆಡ್ ಗಿಬ್ಸ್ ಬೋರ್ನ್ 1886ರಲ್ಲಿ ನೀಲಗಿರಿಯ ಎರೆಹುಳುಗಳ ಬಗ್ಗೆ ಬರೆದರು. ಇದೇ ಬೋರ್ನ್ ಮುಂದೆ 1915ರಿಂದ 1921ರವರೆಗೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು ಎಂಬುದು ಕನ್ನಡಿಗರಿಗೂ ಹೆಚ್ಚು ತಿಳಿದಿರಲಿಕ್ಕಿಲ್ಲ. 1900ರಲ್ಲಿ ಜರ್ಮನಿಯ ಮಿಖಾಯೆಲ್‌ಸೆನ್ ದಕ್ಷಿಣ ಭಾರತದ ಹುಳುಗಳ ಒಂದು ಕುಲಕ್ಕೆ ‘ದ್ರಾವಿಡ’ ಎಂದೇ ಹೆಸರಿಟ್ಟರು. ಇಂದಿಗೂ ವಿಜ್ಞಾನಿಗಳು ಆ ಹೆಸರನ್ನೇ ಬಳಸುತ್ತಾರೆ. 1923ರಲ್ಲಿ ಸ್ಟೀಫನ್‌ಸನ್ ದೇಶದ ಎರೆಹುಳುಗಳನ್ನೆಲ್ಲ ಒಂದು ಗ್ರಂಥದಲ್ಲಿ ಪಟ್ಟಿ ಮಾಡಿದರು. ಅನಂತರ ಗೇಟ್ಸ್, ಭಾರತೀಯ ಪ್ರಾಣಿಶಾಸ್ತ್ರೀಯ ಸರ್ವೇಕ್ಷಣೆಯ ಜುಲ್ಕಾ. ಅಲ್ಲಿಗೆ ಹೇಳಬಹುದಾದ ದೊಡ್ಡ ಹೆಸರುಗಳು ಬಹುಮಟ್ಟಿಗೆ ಮುಗಿದವು. ಒಂದೂವರೆ ಶತಮಾನದಲ್ಲಿ ಇಷ್ಟು ದೊಡ್ಡ ದೇಶದ ಎರೆಹುಳುಗಳನ್ನು ಗುರುತಿಸಬಲ್ಲವರ ಸಂಖ್ಯೆ ಯಾವ ಕಾಲಕ್ಕೂ ಬೆರಳೆಣಿಕೆಯನ್ನು ದಾಟಲಿಲ್ಲ.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಎರೆಹುಳು ಗೊತ್ತಿಲ್ಲವೇ ಎಂದು ಕೇಳಬಹುದು. ಗೊತ್ತು, ಆದರೆ ಅದು ಫೆರೆಟಿಮಾ ಪೋಸ್ತುಮಾ. ಲಖನೌದ ಪ್ರಾಧ್ಯಾಪಕ ಕರ್ಮ ನಾರಾಯಣ ಬಹಲ್ 1926ರಲ್ಲಿ ಅದರ ಬಗ್ಗೆ ಅತ್ಯುತ್ತಮ ಪುಸ್ತಕವೊಂದನ್ನು ಬರೆದದ್ದರಿಂದ ಮೂರು ತಲೆಮಾರಿನ ವಿದ್ಯಾರ್ಥಿಗಳು ಮೇಣದ ತಟ್ಟೆಯಲ್ಲಿ ಅದನ್ನೇ ಸೀಳಿ ಪರೀಕ್ಷೆ ಬರೆದರು. ತಮಾಷೆಯೆಂದರೆ ಅದು ಕೂಡ ಆಗ್ನೇಯ ಏಷ್ಯಾ ಕಡೆಯಿಂದ ಬಂದು ನೆಲೆಸಿದ ಹುಳು. ಇದಕ್ಕೆ ತಿರುಗುಮುರುಗಾದ ಕಥೆ ಲ್ಯಾಂಪಿಟೋ ಮಾರಿಟಿಯದು. ಹೊಲ, ತೋಟ, ಗದ್ದೆಯ ಬದುಗಳಲ್ಲಿ ಮಳೆಗಾಲದಲ್ಲಿ ಧಾರಾಳವಾಗಿ ಕಾಣುವ ಈ ಹುಳುವಿನ ತವರು ದಕ್ಷಿಣ ಭಾರತ. ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ವಿಜ್ಞಾನಿಗಳ ಕೈಗೆ ಮೊದಲು ಸಿಕ್ಕಿದ್ದು ಮಾರಿಷಸ್ ದ್ವೀಪದಲ್ಲಿ, ಹಾಗಾಗಿ ಹೆಸರು ಮಾರಿಷಸ್ಸಿನದೇ ಆಯಿತು. ಬಹುಶಃ ಯಾವುದೋ ಹಡಗಿನಲ್ಲಿ, ಯಾವುದೋ ಗಿಡದ ಬುಡದ ಮಣ್ಣಿನಲ್ಲಿ ಕೂತು ಹೋದದ್ದು. ಊರಲ್ಲಿದ್ದಾಗ ಹೆಸರಿಲ್ಲ, ಪರವೂರಿಗೆ ಹೋದ ಮೇಲೆ ಹೆಸರು. ಹೊರನಾಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೆನ್ನೈನ ಡಾ. ಸುಲ್ತಾನ್ ಇಸ್ಮಾಯಿಲ್ ಅವರು ಎರೆಗೊಬ್ಬರಕ್ಕೂ ವಿದೇಶಿ ಹುಳು ಬೇಡ, ಈ ಲ್ಯಾಂಪಿಟೋ ಮತ್ತು ಪೆರಿಯೋನಿಕ್ಸ್ ಎಂಬ ದೇಶಿ ಹುಳುಗಳೇ ಸಾಕು ಎಂದು ಬಹಳ ಕಾಲದಿಂದ ಹೇಳುತ್ತ ಬಂದವರು.

ಸಾಮಾನ್ಯ ಹುಳುಗಳ ಮಾತು ಹೀಗಾದರೆ ಅಪರೂಪದವುಗಳ ಪಾಡೇನು? ಹುಡುಕಿದರೆ ಸಿಗುತ್ತವೆ ಎಂಬುದಕ್ಕೆ ಕೇರಳ ಸಾಕ್ಷಿ. ಕೊಟ್ಟಾಯಂನ ಮಹಾತ್ಮಾ ಗಾಂಧಿ ವಿಶ್ವವಿದ್ಯಾಲಯದ ಸಂಶೋಧಕರು ಹಿರಿಯ ವಿಜ್ಞಾನಿ ಜುಲ್ಕಾ ಅವರೊಡನೆ ಘಟ್ಟದ ಕೇರಳ ಭಾಗವನ್ನು ಮಳೆಗಾಲದಲ್ಲಿ ಅಗೆದು ನೋಡುತ್ತ ಹೋದರು. 2017ರಲ್ಲಿ ದ್ರಾವಿಡ ಕುಲಕ್ಕೇ ಎರಡು ಹೊಸ ಜಾತಿಗಳು ಸೇರಿದವು. ಇದೇ ಘಟ್ಟ ಉತ್ತರಕ್ಕೆ ಕೊಡಗು, ಚಿಕ್ಕಮಗಳೂರು, ಆಗುಂಬೆ, ಅಂಬೋಲಿ ದಾಟಿ ಪುಣೆ ಜಿಲ್ಲೆಯ ಮುಳಶಿ, ಮಾವಳ, ಖಂಡಾಳದವರೆಗೆ ಬಂದಿದೆ. ಕೊಂಕಣದ ಹೆಸರು ಹೊತ್ತ ಮೆಗಾಸ್ಕೋಲೆಕ್ಸ್ ಕೊಂಕಣೆನ್ಸಿಸ್ ಎಂಬ ಹುಳು ವಿಜ್ಞಾನದ ದಾಖಲೆಗೆ ಸೇರಿದ್ದು 1898ರಲ್ಲಿ. ಅಂದು ಆರಂಭವಾದ ಎಣಿಕೆ ಈ ಭಾಗದಲ್ಲಿ ಕಣಿವೆ ಕಣಿವೆಗೂ ಮುಂದುವರಿಯಬೇಕಾಗಿದೆ.

ಮಣ್ಣಿನೊಳಗೇ ಇರುವ, ಎರೆಹುಳುವನ್ನೇ ತಿಂದು ಬದುಕುವ, ನೋಡಿದವರೆಲ್ಲ ಎರೆಹುಳುವೆಂದೋ ಹಾವಿನ ಮರಿಯೆಂದೋ ತಪ್ಪು ತಿಳಿಯುವ ಇನ್ನೊಂದು ಜೀವಿಯ ಕಥೆ ಇಲ್ಲಿ ಹೇಳತಕ್ಕದ್ದು. ಅದು ಸಿಸಿಲಿಯನ್, ಕಾಲಿಲ್ಲದ ಕಪ್ಪೆ ಬಳಗದ ಪ್ರಾಣಿ. ಪುಣೆ ಜಿಲ್ಲೆಯ ಖಂಡಾಳದಲ್ಲಿ ಸಿಕ್ಕ ಒಂದು ಜಾತಿಗೆ 1960ರಲ್ಲಿ ಹೆಸರಿಟ್ಟ ಮೇಲೆ ಬಹಳ ಕಾಲ ಈ ಬಗ್ಗೆ ಹೆಚ್ಚು ಸದ್ದಿರಲಿಲ್ಲ. ಆಮೇಲೆ ಕೆಲವರು ಗುದ್ದಲಿ ಹಿಡಿದು ಹೊರಟರು. 1999ರಲ್ಲಿ ಮಂಗಳೂರು ಬಳಿಯ ಗುರುಪುರದಿಂದ ಒಂದು, 2003ರಲ್ಲಿ ಅಂಬೋಲಿಯಿಂದ ಒಂದು, 2004ರಲ್ಲಿ ಕುಂದಾಪುರದ ಕಡೆಯ ಮುದೂರಿನಿಂದ ಒಂದು, ಅದೇ ವರ್ಷ ಸಾತಾರಾ ಜಿಲ್ಲೆಯಿಂದ ಇನ್ನೊಂದು, 2007ರಲ್ಲಿ ಬೆಳಗಾವಿ ಜಿಲ್ಲೆಯ ಚೋರ್ಲಾದಿಂದ ಮಗದೊಂದು ಹೊಸ ಜಾತಿ ಬೆಳಕಿಗೆ ಬಂತು. ಕರಾವಳಿಯ ಮತ್ತು ಬೆಳಗಾವಿಯ ಜಾತಿಗಳನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಉಡುಪಿ ಕಡೆಯ ಪ್ರಾಧ್ಯಾಪಕ ಗೋಪಾಲಕೃಷ್ಣ ಭಟ್ಟರು ಪ್ರಮುಖರು. ಇವೆಲ್ಲ ದೂರದ ಅಭಯಾರಣ್ಯದ ನಡುವೆ ಸಿಕ್ಕವಲ್ಲ. ಪುಣೆಯ ಹೊಟೇಲು ಉದ್ಯಮಿಗಳ ಊರಿನ ತೋಟದಂಥ ಜಾಗಗಳಲ್ಲೇ ಸಿಕ್ಕವೂ ಇವೆ. ತಿನ್ನುವ ಪ್ರಾಣಿಯೇ ಇಷ್ಟು ವರ್ಷ ಕಣ್ಣಿಗೆ ಬೀಳದಿದ್ದರೆ ಅದಕ್ಕೆ ಆಹಾರವಾಗುವ ಹುಳುವಿನ ಬಗ್ಗೆ ಹೇಳುವುದೇನು?

ಹೊರದೇಶಗಳಲ್ಲಿ ಇದನ್ನು ಹೇಗೆ ನಡೆಸಿದರು ಎಂಬುದು ತಿಳಿಯಬೇಕಾದ ವಿಷಯ. ಅಮೆರಿಕದ ಇಡಾಹೊ ಮತ್ತು ವಾಷಿಂಗ್ಟನ್ ರಾಜ್ಯಗಳ ಗಡಿಯಲ್ಲಿ ಪಲೂಸ್ ಎಂಬ ಗೋಧಿ ಬೆಳೆಯುವ ಸೀಮೆ ಇದೆ. ಅಲ್ಲಿಯ ಬಿಳಿ ಬಣ್ಣದ ದೊಡ್ಡ ಎರೆಹುಳುವಿಗೆ 1897ರಲ್ಲಿ ಹೆಸರಿಟ್ಟರು. ಮೂರು ಅಡಿ ಉದ್ದ, ಲಿಲ್ಲಿ ಹೂವಿನ ವಾಸನೆ ಎಂದೆಲ್ಲ ಪ್ರತೀತಿ ಬೆಳೆಯಿತು. ಹುಲ್ಲುಗಾವಲು ಹೊಲವಾದಂತೆ ಹುಳು ಕಾಣದಾಯಿತು, ಅಳಿದೇ ಹೋಯಿತೆಂದು ಅನೇಕರು ನಂಬಿದ್ದರು. 2005ರಲ್ಲಿ ಇಡಾಹೊ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬರ ಗುದ್ದಲಿಗೆ ಒಂದು ಸಿಕ್ಕಿತು, ಆದರೆ ತುಂಡಾಗಿ. 2010ರಲ್ಲಿ ಉಳಿದಿದ್ದ ಹುಲ್ಲುಗಾವಲಿನ ಒಂದು ತುಣುಕಿನಲ್ಲಿ ಮಣ್ಣಿಗೆ ಲಘು ವಿದ್ಯುತ್ ಹಾಯಿಸಿ ಒಂದು ಬೆಳೆದ ಹುಳುವನ್ನೂ ಒಂದು ಮರಿಯನ್ನೂ ಜೀವಂತ ಹಿಡಿದರು. ಅದು ಅದೇ ಜಾತಿ ಹೌದೆಂದು ಖಚಿತಪಡಿಸಲು ಬೆಳೆದ ಹುಳುವನ್ನು ಕಾನ್ಸಾಸ್ ರಾಜ್ಯದ ತಜ್ಞರ ಬಳಿಗೆ ಕಳುಹಿಸಬೇಕಾಯಿತು. ಉದ್ದ ಒಂದು ಅಡಿಗಿಂತ ಕಡಿಮೆ, ಲಿಲ್ಲಿಯ ಪರಿಮಳವಂತೂ ಇರಲಿಲ್ಲ! ಸಂರಕ್ಷಿತ ಜೀವಿಗಳ ಪಟ್ಟಿಗೆ ಸೇರಿಸಬೇಕೆಂಬ ಮನವಿಯನ್ನು ಅಲ್ಲಿನ ಸರಕಾರ 2007ರಲ್ಲೂ 2011ರಲ್ಲೂ ಒಪ್ಪಲಿಲ್ಲ. ಮೊದಲ ಸಲ ಮಾಹಿತಿ ಸಾಲದು ಎಂದು. ಎರಡನೇ ಸಲದ ವೇಳೆಗೆ ಹುಡುಕಾಟ ಹೆಚ್ಚಿ, ಅದು ಅಂದುಕೊಂಡದ್ದಕ್ಕಿಂತ ಹೆಚ್ಚು ಕಡೆ ಇದೆಯೆಂದು ತಿಳಿದುಬಂದಿತ್ತು. ಸೋತಂತೆ ಕಂಡರೂ ಇದು ಗೆಲುವೇ ಸರಿ. ಇದೆಯೋ ಇಲ್ಲವೋ ಎಂಬಲ್ಲಿಂದ, ಎಲ್ಲೆಲ್ಲಿ ಇದೆ ಎಂಬಲ್ಲಿಗೆ ಮಾತು ಬಂತಲ್ಲ.

ಆಸ್ಟ್ರೇಲಿಯದ ಗಿಪ್ಸ್‌ಲ್ಯಾಂಡ್ ದೈತ್ಯ ಎರೆಹುಳುವಿನದು ಇನ್ನೊಂದು ಬಗೆ. ಸುಮಾರು ಒಂದು ಮೀಟರ್ ಉದ್ದದ ಹುಳು, ಇರುವುದು ಒಂದೇ ನದಿ ಕಣಿವೆಯ ಸುತ್ತಮುತ್ತ, ಅದೂ ಹೈನುಗಾರರ ಖಾಸಗಿ ಜಮೀನಿನಲ್ಲಿ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅದಕ್ಕೆ ರಕ್ಷಣೆ ಇದೆ. ದನಗಳು ತುಳಿಯದಂತೆ ಹಳ್ಳದ ದಂಡೆಗೆ ಬೇಲಿ ಹಾಕಿ ಕಾಪಾಡುವವರು ಆ ಜಮೀನಿನ ಒಡೆಯರೇ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಹುಲಿ ಇದೆ, ಚಿಟ್ಟೆಗಳಿವೆ, ಎರೆಹುಳು ಇಲ್ಲ. ಸೇರಿಸಿ ಎಂದು ಕೇಳುವುದಕ್ಕೂ ಯಾವ ಜಾತಿ ಎಲ್ಲಿ ಎಷ್ಟಿದೆ ಎಂಬ ಲೆಕ್ಕ ಬೇಕು. ಲೆಕ್ಕವಿಲ್ಲದ ಕಾರಣ ರಕ್ಷಣೆಯಿಲ್ಲ, ರಕ್ಷಣೆಯಿಲ್ಲದ ಕಾರಣ ಲೆಕ್ಕ ಕೇಳುವವರಿಲ್ಲ. ಆದರೆ 2002ರ ಜೈವಿಕ ವೈವಿಧ್ಯ ಕಾಯ್ದೆ ಒಂದು ಬಾಗಿಲು ತೆರೆದಿಟ್ಟಿದೆ. ಪ್ರತಿ ಗ್ರಾಮಪಂಚಾಯತು, ಪ್ರತಿ ನಗರಪಾಲಿಕೆ ಜೀವವೈವಿಧ್ಯ ಸಮಿತಿ ರಚಿಸಿ ಜನರ ನೆರವಿನಿಂದ ದಾಖಲಾತಿ ಪುಸ್ತಕ ಬರೆಯಬೇಕು. ಇದರ ಹಿಂದಿನ ಕಲ್ಪನೆ, ಪುಣೆಯಲ್ಲಿ ಹುಟ್ಟಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ ಮಾಧವ ಗಾಡ್ಗೀಳರದು. ಮರ, ಔಷಧಿ ಗಿಡ, ಹಕ್ಕಿಗಳ ನಡುವೆ ಎರೆಹುಳುವಿಗೂ ಒಂದು ಪುಟ ಇರಲಿ ಎಂದು ಕೇಳಲು ಯಾರ ಅಡ್ಡಿಯೂ ಇಲ್ಲ.

ಇನ್ನು ಅಪಾಯದ ವಿಷಯ. ಗೊಬ್ಬರದ ಗುಂಡಿಯ ಹುಳು ತಪ್ಪಿಸಿಕೊಂಡು ಹೋಗಿ ಸಹ್ಯಾದ್ರಿಯ ಹುಳುವನ್ನು ಓಡಿಸುತ್ತದೆ ಎಂದು ಹೆದರಿಸುವವರಿದ್ದಾರೆ. ದಖ್ಖಣದ ಒಣ ನೆಲದಲ್ಲಿ, ತಿನ್ನಲು ರಾಶಿ ಇಲ್ಲದ ಕಡೆ ಅದು ಹೆಚ್ಚು ದಿನ ಬಾಳುವುದು ಕಷ್ಟ. ನಿಜವಾಗಿ ಹರಡಿಕೊಂಡದ್ದು ಇನ್ನೊಂದು, ದಕ್ಷಿಣ ಅಮೆರಿಕ ಮೂಲದ ಪೊಂಟೋಸ್ಕೋಲೆಕ್ಸ್. ಕಾಡು ಕಡಿದ ಕಡೆ, ತೋಟ ಹಾಕಿದ ಕಡೆ ಬೇರೂರಿ ಪಶ್ಚಿಮ ಘಟ್ಟದ ಉದ್ದಕ್ಕೂ ಈಗ ಅದು ಸಾಮಾನ್ಯ. ಇದನ್ನು ಯಾರೂ ಬೇಕೆಂದು ತಂದು ಬಿಟ್ಟದ್ದಲ್ಲ. ಸಸಿಯ ಬುಡದ ಮಣ್ಣಿನಲ್ಲಿ, ನರ್ಸರಿಯ ಚೀಲದಲ್ಲಿ ಹುಳುವೂ ಅದರ ಮೊಟ್ಟೆಯ ಕೋಶವೂ ಊರಿಂದೂರಿಗೆ ಪ್ರಯಾಣ ಮಾಡುತ್ತವೆ. ಊರಿಗೆ ಹೋದವರು ಮರಳುವಾಗ ಬಸ್ಸಿನ ಡಿಕ್ಕಿಯಲ್ಲಿ ಶಂಕರಪುರ ಮಲ್ಲಿಗೆ, ಕರಿಮೆಣಸು, ಅಡಿಕೆ ಸಸಿಗಳನ್ನು ಗೋಣಿಯಲ್ಲಿ ಕಟ್ಟಿ ತರುವುದು ಪುಣೆಯ ಕನ್ನಡಿಗರಲ್ಲಿ ಹೊಸತಲ್ಲ. ತವರಿನ ಮಣ್ಣೆಂಬ ಮಮತೆಯೂ ಅದರಲ್ಲಿದೆ. ಆ ಹಿಡಿ ಮಣ್ಣಿನಲ್ಲಿ ಬೇರೆ ಯಾರು ಬಂದರು ಎಂದು ಬಿಚ್ಚಿ ನೋಡುವವರು ಕಡಿಮೆ.

ಅದಕ್ಕಿಂತ ದೊಡ್ಡದು ಜೆಸಿಬಿ. ಎರೆಹುಳುಗಳಲ್ಲಿ ಹೆಚ್ಚಿನವು ವಾಸಿಸುವುದು ಮೇಲಿನ ಒಂದು ಅಡಿ ಮಣ್ಣಿನಲ್ಲಿ. ಮುಳಶಿ, ಮಾವಳಗಳಲ್ಲಿ ಫಾರ್ಮ್‌ಹೌಸಿಗೆಂದು ಜಮೀನು ಕೊಂಡ ಕೂಡಲೇ ಮೊದಲು ನಡೆಯುವ ಕೆಲಸ ಆ ಒಂದು ಅಡಿಯನ್ನು ಕೆರೆದು ತೆಗೆದು ಸಮತಟ್ಟು ಮಾಡಿ ಮುರುಮ್ ಹಾಸುವುದು. ಆಮೇಲೆ ಹೊರಗಿನಿಂದ ಕೆಂಪು ಮಣ್ಣು ತರಿಸಿ ಲಾನ್ ಬೆಳೆಸುವುದು. ಹತ್ತು ಸಾವಿರ ವರ್ಷ ಒಂದೇ ಕಡೆ ಬಾಳಿದ ಜೀವಿಗೆ ಎರಡು ಗಂಟೆಯ ಯಂತ್ರದ ಬಾಡಿಗೆ ಸಾಕು. ಪುಣೆಯೊಳಗೆ ವೇತಾಳ ಟೇಕಡಿಯ ಮೂಲಕ ರಸ್ತೆ ಬೇಡವೆಂದು ನಾಗರಿಕರು ಹೋರಾಟಕ್ಕಿಳಿದಾಗ ನವಿಲಿನ ಮಾತು ಬಂತು, ಅಂತರ್ಜಲದ ಮಾತು ಬಂತು. ಆ ಅಂತರ್ಜಲಕ್ಕೆ ಮಳೆ ನೀರನ್ನು ಇಳಿಸುವ ಬಿಲಗಳನ್ನು ಕೊರೆದವರ ಸುದ್ದಿಯೂ ಬರಬೇಕಿತ್ತು.

ಕನ್ನಡ ಶಾಲೆಗೆ ಮಕ್ಕಳು ಸಿಗುತ್ತಿಲ್ಲ, ಹೊಟೇಲಿಗೆ ಕೆಲಸದವರು ಸಿಗುತ್ತಿಲ್ಲ, ಇಂಥ ಹೊತ್ತಿನಲ್ಲಿ ಹುಳು ಎಣಿಸುವುದೊಂದು ಬಾಕಿಯೇ ಎಂದು ಸಂಘದ ಹಿರಿಯರು ನಗಬಹುದು. ನಗುವುದರಲ್ಲಿ ತಪ್ಪಿಲ್ಲ. ಆದರೆ ಘಟ್ಟದ ಎರಡು ತುದಿಗಳಲ್ಲಿ, ಊರಿನ ತೋಟದಲ್ಲೂ ಇಲ್ಲಿಯ ಫಾರ್ಮ್‌ಹೌಸಿನಲ್ಲೂ, ಸ್ವಂತ ಹೆಸರಿನ ಮಣ್ಣು ಇಟ್ಟುಕೊಂಡಿರುವ ಸಮಾಜ ಇದರಂತೆ ಇನ್ನೊಂದು ಪುಣೆಯಲ್ಲಿ ಸಿಗುವುದು ವಿರಳ. ಗಿಪ್ಸ್‌ಲ್ಯಾಂಡಿನ ಹೈನುಗಾರರ ಸ್ಥಾನದಲ್ಲಿ ಇರುವವರು ಇವರೇ. ಮೇಲಾಗಿ ಪುಣೆ ಕನ್ನಡ ಸಂಘದ ಆಶ್ರಯದಲ್ಲಿ ಡಾ. ಕಲ್ಮಾಡಿ ಶ್ಯಾಮರಾವ್ ಕನ್ನಡ ಮಾಧ್ಯಮ ಶಾಲೆಯೂ ಕಾವೇರಿ ವಿದ್ಯಾಸಂಸ್ಥೆಗಳೂ ಇವೆ, ವಿಜ್ಞಾನ ಕಲಿಯುವ ಮಕ್ಕಳಿದ್ದಾರೆ. ಪ್ರಾಣಿಶಾಸ್ತ್ರೀಯ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ 1959ರಿಂದ ಈ ನಗರದಲ್ಲೇ ಇದೆ, ಈಗ ಆಕುರ್ಡಿಯಲ್ಲಿ. ಪ್ರಾಣಿಗಳನ್ನು ಗುರುತಿಸುವುದು ಆ ಸಂಸ್ಥೆಯ ಕೆಲಸಗಳಲ್ಲೊಂದು.

ಮಾಡಬೇಕಾದ ಕೆಲಸ ದೊಡ್ಡ ಖರ್ಚಿನದಲ್ಲ. ಜೂನ್ 5ರಂದು ಪುಣೆಯಲ್ಲಿ ಸಾಮಾನ್ಯವಾಗಿ ಮಳೆಯೇ ಬಂದಿರುವುದಿಲ್ಲ, ಹುಳುಗಳು ಇನ್ನೂ ಆಳದಲ್ಲಿ ಸುರುಳಿ ಸುತ್ತಿ ಮಲಗಿರುತ್ತವೆ. ಜುಲೈ ಮಧ್ಯದ ನಂತರದ ಒಂದು ಭಾನುವಾರ ಒಳ್ಳೆಯದು. ಸದಸ್ಯರದೇ ಜಮೀನಾದರೆ ಅವರ ಒಪ್ಪಿಗೆ ಸಾಕಾದೀತು. ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೈ ಹಾಕಬಾರದು. ಹೆಚ್ಚಾಗಿ ಅನುಸರಿಸುವ ಕ್ರಮದಂತೆ 25 ಸೆಂಟಿಮೀಟರ್ ಉದ್ದಗಲದ ಚೌಕ ಗುರುತು ಮಾಡಿ 30 ಸೆಂಟಿಮೀಟರ್ ಆಳಕ್ಕೆ ಮಣ್ಣು ತೆಗೆದು, ಬಿಳಿ ತಟ್ಟೆಯಲ್ಲಿ ಹರಡಿ ಕೈಯಿಂದ ಹುಡುಕಬೇಕು. ಸಾಸಿವೆ ಪುಡಿ ಕಲಸಿದ ನೀರು ಹೊಯ್ದರೆ ಖಾರಕ್ಕೆ ಕೆಲವು ತಾವೇ ಮೇಲೆ ಬರುತ್ತವೆ, ಆದರೆ ಎಲ್ಲ ಹುಳುಗಳೂ ಇದಕ್ಕೆ ಬಗ್ಗುವುದಿಲ್ಲ. ಎಣಿಸಿ, ಬರೆದುಕೊಂಡು, ಮಣ್ಣನ್ನು ಹುಳುಗಳ ಸಮೇತ ಅಲ್ಲಿಗೇ ಮರಳಿಸಬೇಕು. ಕುತ್ತಿಗೆಯ ಬಳಿ ಉಬ್ಬಿದ ಪಟ್ಟಿ ಇರುವ ಬೆಳೆದ ಹುಳುಗಳಿಂದಷ್ಟೇ ಜಾತಿ ಗುರುತಿಸಲು ಸಾಧ್ಯ. ಅಂಥವು ಒಂದೆರಡನ್ನು ಮಾತ್ರ, ವಿಜ್ಞಾನಿಗಳ ಸಲಹೆ ಪಡೆದು, ಸ್ಪಿರಿಟ್ಟಿನಲ್ಲಿಟ್ಟು ಊರು, ದಿನಾಂಕ, ಆಳ ಬರೆದ ಚೀಟಿಯೊಡನೆ ಒಪ್ಪಿಸಬೇಕು. ಚೀಟಿಯಿಲ್ಲದ ಹುಳು ಕಸಕ್ಕೆ ಸಮ. ಮೊದಲ ವರ್ಷ ಲ್ಯಾಂಪಿಟೋ ಬಿಟ್ಟು ಬೇರೇನೂ ಸಿಗದೆ ಇರಬಹುದು, ಅದನ್ನೂ ಬರೆದಿಡಬೇಕು. ಇಡಾಹೊದವರು ವರ್ಷಗಟ್ಟಲೆ ಅಗೆದ ಮೇಲೆ ಕೈಗೆ ಬಂದದ್ದು ಎರಡು ಹುಳು.

ಫಾರ್ಮ್‌ಹೌಸ್ ಇರುವವರು ಜಮೀನಿನ ಒಂದು ಮೂಲೆಯನ್ನು, ಹಳ್ಳದ ದಂಡೆಯಾದರೆ ಇನ್ನೂ ಒಳ್ಳೆಯದು, ಜೆಸಿಬಿಗೆ ಕೊಡದೆ ಹುಲ್ಲು ಎಲೆ ಇದ್ದ ಹಾಗೆಯೇ ಬಿಟ್ಟುಬಿಡಬಹುದು. ಪರಿಸರ ದಿನದ ಸಸಿಗಳನ್ನು ದೂರದ ನರ್ಸರಿಯಿಂದ ಲಾರಿಯಲ್ಲಿ ತರಿಸುವ ಬದಲು ಬೀಜವನ್ನೇ ಹಂಚಬಹುದು. ಇನ್ನು ಊರಿನ ಮಲ್ಲಿಗೆ ಬೇಕೇಬೇಕೆನ್ನುವವರು ಮಣ್ಣಿನ ಗಂಟು ಕಟ್ಟಿಸಿಕೊಳ್ಳದೆ ನಾಲ್ಕು ಕಡ್ಡಿ ತಂದರೂ ಆದೀತು. ಮಲ್ಲಿಗೆ ಕಡ್ಡಿಯಿಂದಲೇ ಬೇರು ಬಿಡುವ ಗಿಡ.